ಕ್ಲಚ್ ಕಡೆಯ ಸೀಲು

"ಎರಡು ಸಲ ಎಣ್ಣೆ ಹಾಕ್ದೆ ಅಂತ ಒಪ್ಕೊಂಡ್ರೆ ನಿನ್ನ ಗಂಟೇನಪ್ಪಾ ಹೋಗುತ್ತೆ?"

"ಹಾಕಿಲ್ಲ ಅಂದ್ನಲ್ಲ! ಮಾಡದೆ ಇರೋ ಕೆಲಸ ಮಾಡಿದೀನಿ ಅಂತ ಯಾಕೋ ಒಪ್ಕೋಬೇಕು? ನೀನು ನನ್ನ ಮಗನೋ, ಪೊಲೀಸನೋ?"

"ಹಂಗಾದ್ರೆ ಆ ಹೊಗೆ ಎಲ್ಲಿಂದ ಬಂತು?"

"ನಿಮ್ಮಪ್ಪನ ತಲೆಯಿಂದ ಬಂತು! ಅದನ್ನ ಹೇಳೋಕೆ ತಾನೆ ನಂದಿನಿ ಲೇಔಟಿಂದ ಬೆಳಬೆಳಿಗ್ಗೆ ಬಂದಿರೋದು? ಹೇಳು. ಅಪ್ಪಂಗೆ ಅರಳುಮರಳು ಅಂತ ಬೀದಿಗೆಲ್ಲಾ ಕೇಳೋ ಹಂಗೆ ಹೇಳು!"

ಬೀದಿಗೆ ಆಗಲೇ ಕೇಳಿತ್ತು. ಎದುರು ಮನೆಯ ಮುನಿಲಕ್ಷ್ಮಮ್ಮ ಒಣಹಾಕುವ ನೆಪದಲ್ಲಿ ಒಂದೇ ಟವಲನ್ನು ಮೂರು ಸಲ ಕೊಡವಿದಳು. ಅವಳಿಗೂ ಸಿಟ್ಟಿತ್ತು. ಅರ್ಧ ಗಂಟೆಯ ಹಿಂದೆ ಹನುಮಂತಯ್ಯ ಗಾಡಿ ಸ್ಟಾರ್ಟ್ ಮಾಡಿದಾಗ ಎದ್ದ ಬಿಳಿ ಹೊಗೆ ನೇರವಾಗಿ ಅವಳ ಅಡುಗೆಮನೆಗೇ ನುಗ್ಗಿತ್ತು.

ಗಾಡಿ ಬೀದಿಯ ತಿರುವಿನವರೆಗೂ ಹೋಗಲಿಲ್ಲ. ಎರಡು ಸಲ ಕೆಮ್ಮಿ ನಿಂತಿತು. ಹನುಮಂತಯ್ಯ ಅದನ್ನು ತಳ್ಳಿಕೊಂಡು ಬರುವುದಕ್ಕೂ, ಮಗ ಮಹದೇವ ಕಾರಿನಿಂದ ಇಳಿಯುವುದಕ್ಕೂ ಸರಿಹೋಯಿತು. ಬಿಚ್ಚಿದ ಪ್ಲಗ್ಗಿನ ತುದಿಯಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ಜಗಳಕ್ಕೆ ಅಷ್ಟು ಸಾಕಾಯಿತು.

ಅದು ಹಳೆಯ ಯೆಜ್ಡಿ. ಟೂ-ಸ್ಟ್ರೋಕ್ ಗಾಡಿ. ಅದರ ಪೆಟ್ರೋಲಿಗೆ ಅಳತೆ ಮಾಡಿ ಎಣ್ಣೆ ಬೆರೆಸಬೇಕು. ಜಾಸ್ತಿಯಾದರೆ ಹೊಗೆ ಬರುತ್ತದೆ, ಪ್ಲಗ್ ನೆನೆದು ಗಾಡಿ ನಿಲ್ಲುತ್ತದೆ. ಹಾಕುವುದನ್ನೇ ಮರೆತರೆ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದ ಹನುಮಂತಯ್ಯನಿಗೆ ಈಗ ಎಪ್ಪತ್ತಮೂರು. ಕೆಲಸಕ್ಕೆ ಸೇರಿದ ಐದನೇ ವರ್ಷ ಕೊಂಡ ಗಾಡಿ. ಅಂದಿನಿಂದ ಅದಕ್ಕೆ ಬೇರೊಬ್ಬರ ಸ್ಪ್ಯಾನರ್ ತಾಗಿರಲಿಲ್ಲ.

ಜಗಲಿಯ ಮೇಲೆ ಹನುಮಂತಯ್ಯನ ಹೆಂಡತಿ ಮುನಿತಾಯಮ್ಮ, ಮಗಳು ವರಲಕ್ಷ್ಮಿ, ಮೊಮ್ಮಗಳು ಸಿಂಚನಾ ಮೂವರೂ ನೆನೆಸಿದ ಅವರೆಕಾಳಿನ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಹಿತಕಿದ ಬೇಳೆಯ ಸಾರು ಮಾಡಬೇಕಾದರೆ ಒಂದೊಂದು ಕಾಳನ್ನೂ ಹಿತುಕಿ ಸಿಪ್ಪೆ ತೆಗೆಯಬೇಕು. ಮಗ ಬರುತ್ತಾನೆಂದು ರಾತ್ರಿಯೇ ಎರಡು ಸೇರು ನೆನೆಹಾಕಿದ್ದರು.

"ಸಿಂಚು, ನೀನು ಏನು ನೋಡ್ದೆ, ಹೇಳಮ್ಮ" ಎಂದ ಮಹದೇವ.

ಪಿಯುಸಿ ಓದುವ ಹುಡುಗಿ. ಬಾಯಿಗೆ ಬಂದದ್ದನ್ನು ಹೇಳಿಬಿಡುವವಳು. "ಮಾವ, ನನ್ನ ಯಾಕೆ ಸಾಕ್ಷಿಗೆ ಕರೀತೀರಾ... ತಾತ ನಿನ್ನೆ ಸಾಯಂಕಾಲ ಪೆಟ್ರೋಲ್ ಹಾಕಿಸ್ಕೊಂಡು ಬಂದು ಎಣ್ಣೆ ಹಾಕ್ದ. ಇವತ್ತು ಬೆಳಿಗ್ಗೆ ಮತ್ತೆ ಹಾಕ್ದ. ನಾನು ಬ್ರಶ್ ಮಾಡ್ತಾ ಇದ್ದೆ."

"ಬ್ರಶ್ ಮಾಡೋವಾಗ ಕಣ್ಣು ಬಿಟ್ಟಿದ್ಯೇನೇ ನೀನು?" ಎಂದ ಹನುಮಂತಯ್ಯ.

"ಬಿಟ್ಟಿದ್ದೆ ತಾತ."

ಯಾರೂ ನಗಲಿಲ್ಲ. ಮುನಿತಾಯಮ್ಮ ಒಂದು ಕಾಳನ್ನು ಹಿತುಕಿದ ರಭಸಕ್ಕೆ ಬೇಳೆ ಹಾರಿ ಮೆಟ್ಟಿಲ ಮೇಲೆ ಬಿತ್ತು.

ಅಂದು ಕಾವೇರಿ ನೀರು ಬರುವ ದಿನ. ಅಳಿಯ ದುಂಡೇಶ ಹಿತ್ತಲಿನಲ್ಲಿ ಡ್ರಮ್ಮುಗಳಿಗೆ ನೀರು ತುಂಬಿಸುತ್ತಿದ್ದವನು ಪೈಪನ್ನು ಅಲ್ಲೇ ಎಸೆದು ಬಂದ. ಹನುಮಂತಯ್ಯನ ಸ್ವಂತ ಅಕ್ಕನ ಮಗ. ಹುಟ್ಟಿದಾಗಿನಿಂದ ಮಾವನನ್ನು ಏಕವಚನದಲ್ಲೇ ಮಾತಾಡಿಸುವವನು. ಅವನ ಮೆಕ್ಯಾನಿಕ್ ಶಾಪು ರಸ್ತೆ ಅಗಲೀಕರಣಕ್ಕೆ ಹೋದ ಮೇಲೆ ಒಂಬತ್ತು ವರ್ಷದಿಂದ ಹೆಂಡತಿ ಮಗಳೊಂದಿಗೆ ಈ ಮನೆಯಲ್ಲೇ ಇದ್ದ. ವಿಜಯನಗರದಲ್ಲಿ ಸ್ಕೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ. ಮಾವನ ಸಿಟ್ಟೆಲ್ಲ ಅಳಿಯನಿಗೂ ಬಂದಿತ್ತು.

"ಎಲ್ಲಾ ಸೇರ್ಕೊಂಡು ಮುದುಕನ್ನ ಯಾಕ್ರೋ ಹುರೀತೀರಾ?" ಎಂದ. "ಹೊಗೆ ಬಂದ್ರೆ ಎಣ್ಣೆ ಜಾಸ್ತಿ ಅಂತ ಯಾರ್ ಹೇಳಿದ್ದು? ಕ್ಲಚ್ ಕಡೆ ಸೀಲ್ ಹೋಗಿದ್ರೂ ಹೊಗೆ ಬರುತ್ತೆ."

"ಏನ್ ಭಾವ ಅದು?"

"ಇಂಜಿನ್ನಿಗೂ ಗೇರ್ ಬಾಕ್ಸಿಗೂ ಮಧ್ಯೆ ಒಂದು ರಬ್ಬರ್ ಬಳೆ ಇರುತ್ತೆ. ಅದು ಹರಿದ್ರೆ ಇಂಜಿನ್ನು ಗೇರ್ ಬಾಕ್ಸಿನ ಎಣ್ಣೆನೆಲ್ಲಾ ಎಳ್ಕೊಂಡು ಸುಡುತ್ತೆ. ಅದರಲ್ಲಿ ಮಾವಂದೇನು ತಪ್ಪು? ಗೇರ್ ಎಣ್ಣೆ ಮಟ್ಟ ಇಳಿದಿದೆಯಾ ನೋಡಿದ್ರೆ ಗೊತ್ತಾಗುತ್ತೆ. ಒಂದು ಬೋಲ್ಟ್ ಬಿಚ್ಚಿದ್ರೆ ಆಯ್ತು."

ಅಳಿಯ ತನ್ನ ಪರವಾಗಿ ಮಾತಾಡುತ್ತಿದ್ದಾನೆಂದು ಹನುಮಂತಯ್ಯನಿಗೆ ಹೊಳೆಯಲಿಲ್ಲ. ಅವನಿಗೆ ಕೇಳಿಸಿದ್ದು ಬೋಲ್ಟು ಬಿಚ್ಚುವ ಮಾತು ಮಾತ್ರ.

"ನಿನ್ನ ಯಾರಯ್ಯಾ ಕೇಳಿದ್ರು? ನನ್ನ ಗಾಡಿ ಮೇಲೆ ಕೈ ಇಟ್ರೆ ಕೈ ಮುರೀತೀನಿ. ಹೋಗು, ನಿನ್ನ ಸ್ಕೂಟರ್ ಬಿಚ್ಕೋ ಹೋಗು."

"ಮುಟ್ಟಲ್ಲ ಬಿಡು! ನಿನ್ನ ಗಾಡಿ ನೀನೇ ಮಡಿಲಲ್ಲಿ ಹಾಕ್ಕೊಂಡು ತೂಗು!"

"ತೂಗ್ತೀನಿ!"

"ತೂಗು!"

ಅಷ್ಟರಲ್ಲಿ ಹಿತ್ತಲಿನ ಡ್ರಮ್ಮು ತುಂಬಿ ನೀರು ಜಗಲಿಯವರೆಗೆ ಹರಿದು ಬಂತು. ವರಲಕ್ಷ್ಮಿ ಸೀರೆ ಎತ್ತಿಕಟ್ಟಿ ಓಡಿದಳು. ಎಲ್ಲರ ಬಾಯಿ ಮುಚ್ಚಿತು.

ಮಧ್ಯಾಹ್ನ ಮುದ್ದೆ, ಹಿತಕಿದ ಬೇಳೆ ಸಾರು. ಮಹದೇವ ಎರಡು ಮುದ್ದೆ ಉಂಡ. ಹೊರಡುವಾಗ ಗೇಟಿನ ಬಳಿ ತಾಯಿಗೆ ಹೇಳಿದ: "ಅಮ್ಮ, ನನಗೇನು ಅಪ್ಪನ ಮೇಲೆ ಹಗೆಯಾ? ಹೋದ ತಿಂಗಳು ನನ್ನ ಮನೆಗೆ ಬಂದವನು ಬೇರೆ ರೋಡಲ್ಲಿ ಮುಕ್ಕಾಲು ಗಂಟೆ ಸುತ್ತಿದಾನೆ. ನಿನ್ನ ಹತ್ರ ಹೇಳಿದಾನಾ?"

ಹೇಳಿರಲಿಲ್ಲ. "ಆ ಕಡೆ ಎಲ್ಲಾ ಮನೆಗಳೂ ಒಂದೇ ಥರ ಇದಾವಲ್ಲಪ್ಪ" ಎಂದಳು ಮುನಿತಾಯಮ್ಮ.

*

ಮುನಿತಾಯಮ್ಮನಿಗೆ ಓದು ಬಾರದು. ಆದರೆ ಹಾಲಿನವನು ಬಾರದ ದಿನ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟು ಇಟ್ಟು ಮೂವತ್ತು ವರ್ಷ ಲೆಕ್ಕ ತಪ್ಪದವಳು. ಮಾರನೆಯ ದಿನದಿಂದ ಗಂಡ ಟ್ಯಾಂಕಿಗೆ ಎಣ್ಣೆ ಹಾಕಿದಾಗಲೂ ಒಂದು ಬೊಟ್ಟು ಇಡತೊಡಗಿದಳು. ಹಾಲಿನ ಬೊಟ್ಟು ತಾರೀಖಿನ ಮೇಲೆ, ಎಣ್ಣೆಯ ಬೊಟ್ಟು ಕೆಳಗೆ. ಒಂದೇ ದಿನ ಮತ್ತೆ ಕ್ಯಾನು ಎತ್ತಿಕೊಂಡರೆ "ಕಾಫಿ ಬಿಸಿ ಮಾಡಿದೀನಿ ಬನ್ನಿ" ಎಂದು ಕೂಗಿ ಒಳಗೆ ಕರೆಯುವ ಉಪಾಯ.

ಎಂಟು ದಿನ ನಡೆಯಿತು. ಗಾಡಿ ಹೊಗೆ ಬಿಡಲಿಲ್ಲ. ಹನುಮಂತಯ್ಯ ಪ್ಲಗ್ ಉಜ್ಜಿದ, ಕಿಡಿ ಹಾರಿಸುವ ಪಾಯಿಂಟ್ ತಿದ್ದಿದ, ಕಾರ್ಬರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. "ನೋಡಿದ್ಯಾ, ಪಾಯಿಂಟು ಕೆಟ್ಟಿತ್ತು" ಎಂದು ಅಳಿಯನಿಗೆ ಕೇಳುವ ಹಾಗೆ ಗೋಡೆಗೆ ಹೇಳಿದ. ಅಳಿಯ ಬೂಟು ಹಾಕಿಕೊಳ್ಳುತ್ತಾ, "ಗೋಡೆಗೆ ಕಿವಿ ಇದೆ, ಬುದ್ಧಿ ಇಲ್ಲ" ಎಂದು ಹೋದ.

ಒಂಬತ್ತನೆಯ ದಿನ ಏಕಾದಶಿ ಯಾವತ್ತು ಎಂದು ನೋಡಲು ಹೋದ ಹನುಮಂತಯ್ಯನ ಕಣ್ಣಿಗೆ ಬೊಟ್ಟುಗಳು ಬಿದ್ದವು.

"ಇದೇನೇ ಇದು, ಕೆಳಗಡೆ?"

ಮುನಿತಾಯಮ್ಮ ಉಪ್ಪಿಟ್ಟಿನ ರವೆ ಹುರಿಯುತ್ತಿದ್ದಳು. ಸುಳ್ಳು ಹೇಳಲು ಬಾರದೆ ಸೌಟು ತಿರುವುತ್ತಾ ನಿಂತಳು.

"ಎಣ್ಣೇದಾ?"

"ಹೂಂ."

"ನನ್ನೂ ಹಾಲಿನವನ ಜೊತೆ ಸೇರಿಸ್ಬಿಟ್ಯಾ?"

"ನಿಮ್ಮ ಒಳ್ಳೇದಕ್ಕೆ ಅಲ್ವಾ..."

"ಐವತ್ತು ವರ್ಷ ನನ್ನ ಜೊತೆ ಬಾಳಿದೀಯ. ಒಂದು ದಿನ ಬೋಲ್ಟು ಮರೆತು ಬಂದಿದೀನಾ? ಒಂದು ದಿನ ಶಿಫ್ಟಿಗೆ ತಡ ಮಾಡಿದೀನಾ?" ಅವನು ಕೂಗಲಿಲ್ಲ. ಕೂಗಿದ್ದರೆ ಅವಳೂ ಕೂಗುತ್ತಿದ್ದಳು. ಕ್ಯಾಲೆಂಡರಿನ ಆ ಹಾಳೆಯನ್ನು ಹರಿದು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ರವೆ ಸೀದುಹೋಯಿತು. ಅಂದು ಮನೆಯವರೆಲ್ಲ ಸೀದ ಉಪ್ಪಿಟ್ಟನ್ನು ಮಾತಿಲ್ಲದೆ ತಿಂದರು. ಸಿಂಚನಾ ಮಾತ್ರ, "ಅಜ್ಜಿ, ಇವತ್ತು ಸ್ಮೋಕ್ಡ್ ಉಪ್ಪಿಟ್ಟಾ?" ಎಂದು ಕೇಳಿ ತಾಯಿಯಿಂದ ತಲೆಗೆ ಒಂದು ಮೊಟಕಿಸಿಕೊಂಡಳು.

ಅಂದಿನಿಂದ ಹನುಮಂತಯ್ಯ ಮನೆಯಲ್ಲಿ ಎಣ್ಣೆ ಹಾಕುವುದನ್ನೇ ಬಿಟ್ಟ. ಎಣ್ಣೆಯ ಒಂದು ಹೊಸ ಬಾಟಲಿ ಕೊಂಡು ತಂದು ಗಾಡಿಯ ಸೈಡ್ ಬಾಕ್ಸಿನಲ್ಲಿಟ್ಟು ಬೀಗ ಹಾಕಿದ. "ಇನ್ಮೇಲೆ ಬಂಕಲ್ಲೇ ಹಾಕ್ಕೋತೀನಿ. ಯಾವಳೂ ಬೊಟ್ಟು ಇಡೋದು ಬೇಡ."

*

ಅದಾಗಿ ಹನ್ನೆರಡು ದಿನ. ಸೋಮವಾರ. ಅನ್ನಪೂರ್ಣೇಶ್ವರಿ ನಗರದಲ್ಲಿದ್ದ ಹಳೆಯ ಜೊತೆಗಾರ ಗೂಳಪ್ಪನ ಮನೆಗೆಂದು ಹೊರಟ ಹನುಮಂತಯ್ಯ ನಾಗರಭಾವಿಯ ಏರಿನಲ್ಲಿ ಮೂರನೇ ಗೇರಿನಲ್ಲಿದ್ದಾಗ ಇಂಜಿನ್ನು ಕಿರ್ರೆಂದು ಕಚ್ಚಿಕೊಂಡಿತು. ಹಿಂದಿನ ಚಕ್ರ ತಿರುಗದೆ ರಸ್ತೆಗೆ ಉಜ್ಜಿಕೊಂಡು ಹೋಯಿತು. ಹಳೆಯ ಕೈ, ತಕ್ಷಣ ಕ್ಲಚ್ ಹಿಡಿದ. ಅದರಿಂದ ಬದುಕಿದ. ಆದರೂ ಗಾಡಿ ವಾಲಿ ಅಂಗೈ ತರಚಿತು, ಮೊಣಕಾಲು ಊದಿತು. ಹಿಂದೆ ಬರುತ್ತಿದ್ದ ಬಸ್ಸಿನವನು ಬ್ರೇಕ್ ಹಾಕಿ, ಬೈದು, ಆಮೇಲೆ ತಾನೇ ಇಳಿದು ಬಂದು ಎತ್ತಿದ.

ಗೂಳಪ್ಪ ಗೂಡ್ಸ್ ಆಟೋದಲ್ಲಿ ಗಾಡಿಯನ್ನೂ ಗೆಳೆಯನನ್ನೂ ಮನೆಗೆ ತಂದಿಳಿಸಿದ.

ಸಂಜೆ ಮಹದೇವ ಬಂದ. ಈ ಸಲ ಅವನೂ ಕೂಗಲಿಲ್ಲ. ಅಪ್ಪನ ಅಂಗೈಯನ್ನು ತಿರುಗಿಸಿ ನೋಡಿದ. ಡೆಟಾಲಿನಲ್ಲಿ ಅದ್ದಿದ ಹತ್ತಿಯನ್ನು ತಂಗಿಯ ಕೈಯಿಂದ ತೆಗೆದುಕೊಂಡು ತಾನೇ ಒರೆಸಿದ. ಹನುಮಂತಯ್ಯ ಮುಖ ಬೇರೆ ಕಡೆ ತಿರುಗಿಸಿ ಕೈ ಮಾತ್ರ ಕೊಟ್ಟು ಕೂತ.

"ಅಪ್ಪ, ಭಾವ ಸೀಲು ಅಂತಾರೆ, ನಾನು ಬೇರೆ ಹೇಳ್ತೀನಿ. ಭಾವ ಬಿಚ್ಚಿ ನೋಡ್ಲಿ. ಸೀಲು ಹೋಗಿದ್ರೆ ನಾನು ಬಾಯಿ ಮುಚ್ಕೊಂಡು ಇರ್ತೀನಿ, ಇನ್ನೊಂದು ಸಲ ಈ ಮಾತು ಎತ್ತಲ್ಲ. ಇಲ್ದಿದ್ರೆ ಕೀ ನನ್ನ ಕೈಗೆ ಕೊಡ್ಬೇಕು. ಡಾಕ್ಟರ ಹತ್ರ ಬರ್ಬೇಕು. ಒಬ್ಬನೇ ಗೇಟ್ ದಾಟ್ಬಾರ್ದು. ಸರಿನಾ?"

ಎಲ್ಲರೂ ಹನುಮಂತಯ್ಯನ ಬಾಯಿ ನೋಡಿದರು. ಬೈಯುತ್ತಾನೆ ಎಂದು ಕಾದರು.

"ಬಿಚ್ಲಿ" ಎಂದ.

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ದುಂಡೇಶನಿಗೆ ನೆಟ್ಟಗೆ ಕೇಳಿಸಲಿಲ್ಲವೇನೋ ಅನ್ನಿಸಿತು. "ಏನಂದೆ ಮಾವ?"

"ಬಿಚ್ಚಯ್ಯ ಅಂದೆ. ಕಿವುಡಾ?"

*

ಮಂಗಳವಾರ ದುಂಡೇಶನಿಗೆ ರಜೆ. ಬೆಳಿಗ್ಗೆ ಎಂಟಕ್ಕೇ ಶೆಡ್ಡಿನಲ್ಲಿ ಗೋಣಿಚೀಲ ಹಾಸಿ ಕೂತ. "ಹೊಟ್ಟೆ ಬಗೆಯೋದನ್ನ ನಾನು ನೋಡಲ್ಲ" ಎಂದು ಹನುಮಂತಯ್ಯ ಕುಂಟುತ್ತಾ ಮೇಲೆ ಟೆರೇಸಿಗೆ ಬಿಸಿಲು ಕಾಯಲು ಹೋದ. ಮುನಿತಾಯಮ್ಮ ಸಂಡಿಗೆ ಒಣಹಾಕಿ ಅವನನ್ನು ಕಾಗೆ ಕಾಯಲು ಕೂರಿಸಿದಳು.

ದುಂಡೇಶ ಮೊದಲು ಗೇರ್ ಬಾಕ್ಸಿನ ಮಟ್ಟದ ಬೋಲ್ಟನ್ನು ಬಿಚ್ಚಿದ. ಎಣ್ಣೆ ಅಂಚಿನವರೆಗೆ ಇತ್ತು. ಒಂದು ತೊಟ್ಟೂ ಇಳಿದಿರಲಿಲ್ಲ.

ಅವನು ಅದನ್ನು ನಂಬಲಿಲ್ಲ. ಕ್ಲಚ್ ಮುಚ್ಚಳ ತೆಗೆದ, ಚೈನು ತೆಗೆದ, ಕ್ಲಚ್ ಇಳಿಸಿ ಹಿಂದಿದ್ದ ಸೀಲನ್ನು ಬೆರಳಿಂದ ಸುತ್ತಲೂ ಸವರಿದ. ಟಾರ್ಚು ಹಿಡಿದು ನೋಡಿದ. ರಬ್ಬರು ಮೆತ್ತಗಿತ್ತು, ತುಟಿಯಂಥ ಅಂಚು ಎಲ್ಲೂ ಬಿಟ್ಟಿರಲಿಲ್ಲ. ಎಂದೋ ಮಾವನೇ ಹಾಕಿದ್ದ ಒಳ್ಳೆಯ ಸೀಲು. ಇನ್ನೂ ಹತ್ತು ವರ್ಷ ಬರುವಂಥದ್ದು.

ಹೆಡ್ಡು ಬಿಚ್ಚಿ, ಪಿಸ್ಟನ್ ಆಡುವ ಬೋರನ್ನು ಎತ್ತಿದಾಗ ಪಿಸ್ಟನ್ನಿನ ಎರಡೂ ಬದಿಗೆ ಉಗುರಿನಿಂದ ಗೀಚಿದ ಹಾಗೆ ಗೆರೆಗಳಿದ್ದವು. ಒಣಗಿ ಕಚ್ಚಿಕೊಂಡ ಗುರುತು. ಟ್ಯಾಂಕಿನ ಪೆಟ್ರೋಲನ್ನು ಸ್ವಲ್ಪ ಅಂಗೈಗೆ ಬಿಟ್ಟು ಬೆರಳಿನಿಂದ ಉಜ್ಜಿದ. ಹಾರಿಹೋಯಿತು. ಜಿಡ್ಡೇ ಇರಲಿಲ್ಲ.

ಕೊನೆಗೆ ಸೈಡ್ ಬಾಕ್ಸಿನ ಬೀಗ ತೆಗೆದ. ಬಾಟಲಿ ಅಲ್ಲಿತ್ತು. ಕತ್ತಿನವರೆಗೂ ತುಂಬಿತ್ತು. ಮುಚ್ಚಳದ ಸುತ್ತಿನ ಪ್ಲಾಸ್ಟಿಕ್ ಪಟ್ಟಿ ಕೂಡ ಹರಿದಿರಲಿಲ್ಲ.

ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಅವನು ಮೆಟ್ಟಿಲು ಹತ್ತಿದ. ಹನುಮಂತಯ್ಯ ಕೋಲು ಹಿಡಿದು ಸಂಡಿಗೆಯ ಪಕ್ಕ ಕೂತಿದ್ದ.

"ಮಾವ, ಹೋದ ಸಲ ಪೆಟ್ರೋಲ್ ಹಾಕಿಸ್ದಾಗ ಎಣ್ಣೆ ಎಲ್ಲಿ ಹಾಕ್ದೆ?"

"ಬಂಕಲ್ಲೇ. ಬಾಟ್ಲಿ ಇಟ್ಕೊಂಡಿದೀನಲ್ಲ. ಎರಡು ಬಟ್ಲು ಅಳೆದು ಹಾಕ್ದೆ." ಹನುಮಂತಯ್ಯ ಕಾಗೆಯೊಂದಕ್ಕೆ ಕೋಲು ಬೀಸಿದ. "ಆ ಬಂಕಿನ ಹುಡುಗಿ ನಗ್ತಿದ್ಲು. ತಾತ, ಗಾಡಿಗೆ ಕೆಮ್ಮಿನ ಔಷಧಿ ಕುಡಿಸ್ತಿದೀರಾ ಅಂದ್ಲು. ಇಲ್ಲ ಕಣವ್ವ, ಮುದುಕಂಗೆ ಸಾರಾಯಿ ಅಂದೆ." ಹೇಳಿ ತಾನೇ ನಕ್ಕ.

ಆ ಹುಡುಗಿ ಎಂದೋ ಒಂದು ದಿನ ಹಾಗೆ ಅಂದಿರಬೇಕು. ಇವನು ಎಂದೋ ಒಂದು ದಿನ ಹಾಗೆ ಉತ್ತರ ಕೊಟ್ಟಿರಬೇಕು.

"ಯಾಕಯ್ಯಾ? ಸೀಲು ಹೋಗಿದೆಯಾ?"

ದುಂಡೇಶ ಜೀವಮಾನದಲ್ಲಿ ಗಿರಾಕಿಗೆ ಸುಳ್ಳು ಹೇಳಿದವನಲ್ಲ. ಹಾಗಾಗಿಯೇ ಅವನ ಶಾಪಿಗೆ ಗಿರಾಕಿ ಕಮ್ಮಿ ಇದ್ದರು. "ನಿನ್ನ ಗಾಡಿ ಸತ್ತಿದೆ, ಗುಜರಿಗೆ ಹಾಕು" ಎಂದು ಮುಖಕ್ಕೆ ಹೇಳಿಬಿಡುತ್ತಿದ್ದ.

"ಹೋಗಿದೆ ಮಾವ" ಎಂದ.

"ಹೂಂ" ಎಂದ ಹನುಮಂತಯ್ಯ. ಕಾಗೆ ಬಂದು ಒಂದು ಸಂಡಿಗೆ ಕಚ್ಚಿಕೊಂಡು ಹೋಯಿತು. ಕೋಲು ಎತ್ತಲಿಲ್ಲ. "ಹೋಗಿದೆ ಅನ್ನು. ನೀನು ಹೇಳ್ದಂಗೇ ಆಯ್ತು. ನಾನು... ಈಚೆಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ ಕಣೋ ದುಂಡ."

ದುಂಡ ಎಂದು ಅವನು ಕೊನೆಯ ಸಲ ಕರೆದದ್ದು ದುಂಡೇಶ ಮೂರನೇ ಕ್ಲಾಸಿನಲ್ಲಿದ್ದಾಗ.

ಕೆಳಗಿಳಿದು ಬಂದ ದುಂಡೇಶ ಬಾಟಲಿಯ ಪಟ್ಟಿ ಹರಿದ. ಟ್ಯಾಂಕಿನ ಮುಚ್ಚಳದ ಅಡಿಯಲ್ಲಿದ್ದ ಅಳತೆ ಬಟ್ಟಲಿನಿಂದ ಸರಿಯಾಗಿ ಎರಡು ಬಟ್ಟಲು ಎಣ್ಣೆಯನ್ನು ಅಳೆದು ತನ್ನ ಡಬ್ಬಕ್ಕೆ ಸುರಿದುಕೊಂಡ. ಉಳಿದದ್ದನ್ನು ಮತ್ತೆ ಸೈಡ್ ಬಾಕ್ಸಿನಲ್ಲಿಟ್ಟು ಬೀಗ ಹಾಕಿದ.

*

ಬೋರು ಕೊರೆಸಲು ದುಂಡೇಶ ಕಾಮಾಕ್ಷಿಪಾಳ್ಯದ ಲೇತಿನ ಸೇತುರಾಮನ ಹತ್ತಿರ ಕೊಟ್ಟ. ಹೊಸ ಪಿಸ್ಟನ್ನು ಹುಡುಕಲು ಒಂದು ವಾರ ಹಿಡಿಯಿತು. ಸಂಜೆ ಕೆಲಸದಿಂದ ಬಂದು ಚಪಾತಿ ತಿಂದು ಶೆಡ್ಡಿಗೆ ಇಳಿಯುವನು. ಹನುಮಂತಯ್ಯನ ಮುಖ ಮೊದಲಿನ ಹಾಗಾಗಿತ್ತು. ಟೊಮೆಟೊ ಸಾರಿಗೆ ಉಪ್ಪು ಜಾಸ್ತಿ ಎಂದು ಕೂಗಾಡಿದ. ಮುನಿಲಕ್ಷ್ಮಮ್ಮನನ್ನು ಕರೆದು, "ನಿಮ್ಮ ಅಡುಗೆಮನೆ ಹೊಗೆಗೆ ಕಾರಣ ಗೊತ್ತಾಯ್ತಮ್ಮ, ಸೀಲು" ಎಂದು ಹೇಳಿದ. ಅವಳು ಸೀಲೆಂದರೇನೆಂದು ಕೇಳಿ ಅರ್ಧ ಗಂಟೆ ಕೇಳಿಸಿಕೊಳ್ಳಬೇಕಾಯಿತು.

ಶನಿವಾರ ಸಂಜೆ ವರಲಕ್ಷ್ಮಿ ರವಿಕೆಗೆ ಹುಕ್ಕು ಹೊಲಿಯುತ್ತಾ ಶೆಡ್ಡಿನ ಬಾಗಿಲಿಗೆ ಬಂದಳು. ಗಂಡ ತನ್ನ ಗುಜರಿ ಡಬ್ಬವನ್ನು ಗೋಣಿಯ ಮೇಲೆ ಸುರಿದುಕೊಂಡು ತಡಕಾಡುತ್ತಿದ್ದ.

"ಏನ್ ಹುಡುಕ್ತಾ ಇದೀರಾ?"

"ಹರಿದಿರೋ ಸೀಲು."

"ಹರಿದಿರೋದು ಗಾಡೀಲೇ ಇತ್ತಲ್ಲ?"

ಅವನು ತಲೆ ಎತ್ತಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಕು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಮೆಟ್ಟಿಲ ಮೇಲೆ ಕೂತಳು.

"ಅಣ್ಣ ಹೇಳಿದ್ದೇ ಸರಿ ಅನ್ನಿ."

"ಸರಿ."

"ಎರಡು ಸಲ ಹಾಕಿದ್ದೂ ನಿಜ."

"ನಿಜ. ಈ ಸಲ ಹಾಕೇ ಇಲ್ಲ. ಅದೂ ನಿಜ."

"ನಾಳೆ ಎಲ್ಲರ ಮುಂದೆ ಸುಳ್ಳು ಹೇಳ್ತೀರಾ?"

"ಹೇಳ್ತೀನಿ."

"ಹೇಳಿ ಗಾಡಿ ಕೈಗೆ ಕೊಡ್ತೀರಾ. ಆಮೇಲೆ ಅಪ್ಪ ರಿಂಗ್ ರೋಡಲ್ಲಿ ಬಿದ್ರೆ? ನಿಮ್ಮ ಸುಳ್ಳು ಬಂದು ಎತ್ತುತ್ತಾ?"

"ಪೆಟ್ರೋಲು ನಾನೇ ಕಲಸಿ ಇಡ್ತೀನಿ. ಹಿಂದೆ ನಾನು ಕೂತ್ಕೋತೀನಿ."

"ದಿನಾ?"

"ದಿನಾ."

"ಕೆಲಸಕ್ಕೆ ಯಾರು ಹೋಗ್ತಾರೆ, ನಾನಾ?"

ದುಂಡೇಶ ಕೈಗೆ ಸಿಕ್ಕ ನಟ್ಟನ್ನು ಡಬ್ಬಕ್ಕೆ ಎಸೆದ. "ಏನೇ ಮಾಡ್ಲಿ ಮತ್ತೆ? ಮೇಲೆ ಹೋಗಿ ಕೇಳ್ದೆ ಕಣೇ. ಬಂಕಿನ ಹುಡುಗಿ ಏನಂದ್ಲು ಅನ್ನೋದೆಲ್ಲಾ ಹೇಳ್ದ. ನಗ್ತಾ ಹೇಳ್ದ. ಅದರ ಮುಂದೆ ಬಾಟ್ಲಿ ಹಿಡೀಲಾ ನಾನು? ನನ್ನ ಶಾಪು ಒಡೆದ ದಿನ ನಿಮ್ಮಪ್ಪ ಗೂಡ್ಸ್ ಗಾಡಿ ತಗೊಂಡು ಬಂದು ನಿಂತ. ಸಮಾಧಾನ ಹೇಳಿಲ್ಲ, ಏನಿಲ್ಲ. 'ಸಾಮಾನು ಹತ್ಸು' ಅಂದ. ಒಂಬತ್ತು ವರ್ಷ ಆಯ್ತು. ಕತ್ತೆ ಅಂದಿದಾನೆ, ಮುಠ್ಠಾಳ ಅಂದಿದಾನೆ. ಮನೆ ಅಳಿಯ ಅಂತ ಒಂದು ದಿನ ಅಂದಿಲ್ಲ."

ವರಲಕ್ಷ್ಮಿ ಗೋಣಿಯ ಕಡೆ ಬಗ್ಗಿ, ಕಪ್ಪು ಜಿಡ್ಡು ಹತ್ತಿದ್ದ ರಬ್ಬರ್ ಬಳೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದಾ ನೋಡಿ. ಹರಿದಿದೆ."

ಅದು ಯಾವುದೋ ಸ್ಕೂಟರಿನದು. ಸಣ್ಣದು. ಆದರೆ ಮಹದೇವನಿಗೆ ಅದೇನು ಗೊತ್ತಾಗಬೇಕು?

*

ಭಾನುವಾರ ಎಲ್ಲರೂ ಶೆಡ್ಡಿನ ಮುಂದೆ ಸೇರಿದರು. ಬೆಳಿಗ್ಗೆ ದೋಸೆಯಾಗಿತ್ತು. ಮಹದೇವನ ಬೆರಳಿನಲ್ಲಿ ಇನ್ನೂ ಚಟ್ನಿಯ ಘಮ ಇತ್ತು. ಗಾಡಿ ಜೋಡಣೆಯಾಗಿ ನಿಂತಿತ್ತು. ದುಂಡೇಶ ಅದರ ಟ್ಯಾಂಕನ್ನೂ ಒರೆಸಿದ್ದ.

"ಇಗೋ" ಎಂದು ಹರಿದ ಸೀಲನ್ನು ಮಹದೇವನ ಅಂಗೈಗೆ ಹಾಕಿದ. "ಇದೇ ನಿಮ್ಮಪ್ಪನ ಮರೆವು."

ಮಹದೇವ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇಷ್ಟೇನಾ ಭಾವ? ಇಷ್ಟಕ್ಕೆ ಅಷ್ಟು ಹೊಗೆನಾ?"

"ಇಷ್ಟಕ್ಕೇ."

"ಹಂಗಾದ್ರೆ ಜಾಮ್ ಯಾಕಾಯ್ತು? ಎಣ್ಣೆ ಜಾಸ್ತಿ ಎ‌ಳ್ಕೊಳ್ಳೋ ಇಂಜಿನ್ನು ಒಣಗುತ್ತಾ?"

ಬ್ಯಾಂಕಿನಲ್ಲಿ ಕೆಲಸ ಮಾಡುವವನು ಈ ಪ್ರಶ್ನೆ ಕೇಳುತ್ತಾನೆಂದು ದುಂಡೇಶ ಎಣಿಸಿರಲಿಲ್ಲ. "ಅದು... ಗಾಳಿ ಎಳೀತು. ಸೀಲ್ ಹರಿದ್ರೆ... ನಿನಗೆ ಇಂಜಿನ್ ಬಗ್ಗೆ ಏನ್ ಗೊತ್ತೋ? ನಾನೇನಾದ್ರೂ ಬ್ಯಾಂಕಿಗೆ ಬಂದು ನಿನ್ನ ಕೇಳ್ತೀನಾ?"

"ಕೊಡಿಲ್ಲಿ" ಎಂದ ಹನುಮಂತಯ್ಯ.

ಮಗನ ಕೈಯಿಂದ ಸೀಲನ್ನು ತೆಗೆದುಕೊಂಡ. ಪಂಚೆಯ ಅಂಚಿನಿಂದ ಜಿಡ್ಡು ಒರೆಸಿದ. ಹೆಬ್ಬೆರಳಿಗೆ ತೊಡಿಸಿದ. ಅದು ಉಂಗುರದ ಹಾಗೆ ಬಿಗಿಯಾಗಿ ಕೂತಿತು. ಆ ಗಾಡಿಯ ಸೀಲಾಗಿದ್ದರೆ ಬಳೆಯ ಹಾಗೆ ಸಡಿಲವಾಗಿ ತೂಗಬೇಕಿತ್ತು. ಅದು ಅಲ್ಲಿದ್ದವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಅವನು ಹೆಬ್ಬೆರಳನ್ನೇ ನೋಡುತ್ತಾ ನಿಂತ. ಸಿಂಚನಾ, "ತಾತ?" ಎಂದಳು.

"ಹೂಂ, ಇದೇ" ಎಂದ ಹನುಮಂತಯ್ಯ. "ಕ್ಲಚ್ ಕಡೇದು. ಗಾಳಿ ಎಳ್ಕೊಂಡ್ರೆ ಇಂಜಿನ್ನು ಕಾಯುತ್ತೆ. ಕಾದ್ರೆ ಕಚ್ಚುತ್ತೆ. ನಿಮ್ಮ ಭಾವ ಹೇಳ್ತಿರೋದು ಸರಿಯಾಗಿದೆ."

ಮುನಿತಾಯಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. "ನಾನು ಆವತ್ತೇ ಅಂದೆ" ಎಂದಳು. ಅವಳು ಏನೂ ಅಂದಿರಲಿಲ್ಲ. ಮಹದೇವ ತಲೆ ಕೆರೆದುಕೊಂಡು, "ಸಾರಿ ಅಪ್ಪ" ಎಂದ. "ಬಿಡೋ, ಅಪ್ಪನ ಹತ್ರ ಇಂಗ್ಲಿಷಲ್ಲಿ ಕ್ಷಮೆ ಕೇಳ್ತಾನೆ" ಎಂದ ಹನುಮಂತಯ್ಯ. ಎಲ್ಲರೂ ನಕ್ಕರು. ಕಾಫಿಗೆಂದು ಒಳಗೆ ಹೋದರು. ವರಲಕ್ಷ್ಮಿ ಹೋಗುವಾಗ ಗಂಡನ ಕಡೆ ನೋಡಲಿಲ್ಲ.

ಇಬ್ಬರೇ ಉಳಿದರು.

"ಇದು ಯಾವ ಗಾಡೀದು?" ಎಂದು ಕೇಳಿದ ಹನುಮಂತಯ್ಯ.

ದುಂಡೇಶ ಒರೆಸುವ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಸ್ಕೂಟರ್‌ದು."

"ನಂದು?"

"ಚೆನ್ನಾಗಿದೆ ಮಾವ. ಅದನ್ನೇ ವಾಪಸ್ ಹಾಕಿದೀನಿ."

"ಎಣ್ಣೆ?"

"ಹಾಕಿರ್ಲಿಲ್ಲ."

"ಅದಕ್ಕೆ ಮುಂಚೆ?"

"ಎರಡು ಸಲ."

ಹನುಮಂತಯ್ಯ ಹೆಬ್ಬೆರಳಿಂದ ಸೀಲನ್ನು ಕೀಳಲು ನೋಡಿದ. ಬಿಗಿಯಾಗಿತ್ತು. ದುಂಡೇಶ ಅವನ ಕೈ ಹಿಡಿದು ಮೆಲ್ಲಗೆ ತಿರುಗಿಸಿ ಬಿಡಿಸಿದ.

"ಸ್ಟಾರ್ಟ್ ಮಾಡು, ಕೇಳೋಣ" ಎಂದ ಹನುಮಂತಯ್ಯ.

ಎರಡನೇ ಕಿಕ್ಕಿಗೆ ಎದ್ದಿತು. ಹೊಸ ಬೋರಿನ ಸದ್ದು ತುಂಬಿಕೊಂಡು, ಎಲ್ಲೂ ತಡವರಿಸದೆ ಬರುತ್ತಿತ್ತು. ತಗಡಿನ ಶೆಡ್ಡು ಗುಂಯ್ಗುಟ್ಟಿತು. ಹೊಗೆ ಒಂದು ಎಳೆಯಷ್ಟು. ಹನುಮಂತಯ್ಯ ಸೀಟಿನ ಮೇಲೆ ಕೂತ. ಕಣ್ಣು ಮುಚ್ಚಿ ಆಕ್ಸಿಲರೇಟರನ್ನು ಒಂದು ಕೂದಲೆಳೆ ತಿರುವಿ ಬಿಟ್ಟ. ಇನ್ನೊಂದು ಸಲ ತಿರುವಿ ಬಿಟ್ಟ. ದುಂಡೇಶ ಗೇಟು ತೆರೆದು, ತಾನು ಹಿಂದೆ ಕೂರಲು ಚಪ್ಪಲಿ ಹಾಕಿಕೊಂಡು ನಿಂತ.

"ಚೆನ್ನಾಗಿ ಕಟ್ಟಿದೀಯ" ಎಂದ ಹನುಮಂತಯ್ಯ. "ನನ್ನ ಕೈಲೂ ಇಷ್ಟು ಆಗ್ತಿರ್ಲಿಲ್ಲ."

ಮತ್ತೆ ಇಳಿದ. ಊದಿದ ಮೊಣಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದ.

"ಯಾಕ್ ಮಾವ? ಒಂದು ರೌಂಡ್ ಹೋಗೋಣ ಬಾ."

"ಬೋರು ಹೊಸದು ಕಣೋ. ಮೊದಲ ಸಾವಿರ ಕಿಲೋಮೀಟರು ನಿಧಾನಕ್ಕೆ ಓಡಿಸ್ಬೇಕು. ಅಷ್ಟೊಂದು ತಾಳ್ಮೆ ನನಗೆಲ್ಲಿದೆ? ನೀನು ಓಡ್ಸು."

"ನನಗೂ ತಾಳ್ಮೆ ಇಲ್ಲ ಮಾವ."

"ಕಲ್ತ್ಕೋ."

ಇಂಜಿನ್ನು ಓಡುತ್ತಲೇ ಇತ್ತು. ಹನುಮಂತಯ್ಯ ಶೆಡ್ಡಿನಿಂದ ಹೊರಬಿದ್ದು, ಗೋಡೆ ಹಿಡಿದು ಜಗಲಿಯ ಮೂರು ಮೆಟ್ಟಿಲು ಹತ್ತಿ ಒಳಗೆ ಹೋದ. ಅಡುಗೆಮನೆಯ ಕಿಟಕಿಯಿಂದ ಅವನ ದನಿ ಕೇಳಿಸಿತು. ಇಂಜಿನ್ ಸದ್ದನ್ನು ಮೀರಲೆಂದು ಸ್ವಲ್ಪ ಜೋರಾಗಿಯೇ ಕೇಳುತ್ತಿದ್ದ.

"ಏ ಮುನಿ, ನಂದು ತಿಂಡಿ ಆಯ್ತಾ?"

ಒಳಗೆ ಲೋಟಗಳ ಸದ್ದು ನಿಂತಿತು. ಮಹದೇವನೂ ಅಲ್ಲೇ ಇದ್ದ, ಸಿಂಚನಾಳೂ ಇದ್ದಳು. ಐವತ್ತು ವರ್ಷದಲ್ಲಿ ಅವನು ಹೆಂಡತಿಯನ್ನು ಹೀಗೆ ಕೇಳಿದ್ದು ಇದೇ ಮೊದಲು.

"ಆಯ್ತಲ್ಲ" ಎಂದಳು ಮುನಿತಾಯಮ್ಮ. "ಎರಡು ದೋಸೆ ತಿಂದ್ರಿ. ಮೂರನೇದು ಬೇಡ ಅಂದ್ರಿ."

"ಸರಿ. ಹಂಗಾದ್ರೆ ಕಾಫಿ ಕೊಡು."

ದುಂಡೇಶ ಗೇಟಿನ ಬಳಿಯೇ ನಿಂತಿದ್ದ. ಮಾವ ಇನ್ನೇನು ಬಂದಾನು, ಮನಸ್ಸು ಬದಲಾಯಿಸಿ ಬೈದುಕೊಂಡು ಬಂದಾನು ಎಂದು ಬಾಗಿಲ ಕಡೆ ನೋಡಿದ. ಬರಲಿಲ್ಲ. ಬಗ್ಗಿ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕು ಮುಚ್ಚಿದ. ಕಾರ್ಬರೇಟರಿನಲ್ಲಿದ್ದಷ್ಟು ಉರಿದು ಮುಗಿಯುವವರೆಗೂ ಗಾಡಿ ಓಡಿತು. ಆಮೇಲೆ ಶೆಡ್ಡಿನಲ್ಲಿ ಒಳಗಿನ ಮಾತುಗಳೆಲ್ಲ ಕೇಳಿಸಿದವು. ಹನುಮಂತಯ್ಯ ಅಂದೂ ಹೊರಗೆ ಬರಲಿಲ್ಲ, ಆಮೇಲೂ ಆ ಶೆಡ್ಡಿಗೆ ಕಾಲಿಡಲಿಲ್ಲ.